ಗರಿ ಉದುರುವ ತಿಂಗಳಲ್ಲಿ ಪೆಂಗ್ವಿನ್ ಊರಿಗೆ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗಳು ಅಳಿಯ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿದ್ದಾರೆ. ಡಿಸೆಂಬರಿನಲ್ಲಿ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಮುಂಬೈಯಲ್ಲಿರುವ ಮಗನ ಮಗು, ಏಳು ವರ್ಷದವನು, ಜೊತೆಗೆ ಬರುತ್ತಾನೆ. ಅವನು ಭಾಯಖಳಾ ಮೃಗಾಲಯದಲ್ಲಿ ಗಾಜಿನ ಆಚೆ ಪೆಂಗ್ವಿನ್ ನೋಡಿದಾಗಿನಿಂದ ಅದೇ ಧ್ಯಾನ. ಸೈಮನ್ಸ್ ಟೌನ್‌ಗೆ ಹೋದರೆ ಬಯಲಲ್ಲೇ ನೋಡಬಹುದಂತೆ. ಆದರೆ ಹೋದ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿಬಂದ ಪರಿಚಯದವರು, "ಅರ್ಧಕ್ಕರ್ಧ ಹಕ್ಕಿಗಳು ರೋಗ ಬಡಿದ ಕೋಳಿಗಳ ಹಾಗೆ ಗರಿ ಕಿತ್ತು ನಿಂತಿದ್ದವು, ನೋಡಿ ಬೇಜಾರಾಯಿತು" ಎಂದರು. ಪ್ರಯಾಣವನ್ನು ಬೇರೆ ತಿಂಗಳಿಗೆ ಹಾಕಿಕೊಳ್ಳಬೇಕೆ? ಹುಡುಗನಿಗೆ ಪೆಂಗ್ವಿನ್ ಜೊತೆ ಈಜಬೇಕಂತೆ, ಮುಟ್ಟಬೇಕಂತೆ. ಯಜಮಾನರಿಗೆ ಮಂಡಿನೋವು. ಅರ್ಧ ದಿನ ಸಾಕಾದೀತೆ? ಸಸ್ಯಾಹಾರಿಗಳಿಗೆ ಊಟದ ತೊಂದರೆ ಇದೆಯೆ?

ಉತ್ತರ: ಟೀಚರೇ, ಟಿಕೆಟ್ ಬದಲಿಸಬೇಡಿ. ನಿಮ್ಮ ಪರಿಚಯದವರು ಕಂಡ ಹಕ್ಕಿಗಳಿಗೆ ರೋಗವೇನೂ ಇದ್ದಿರಲಾರದು. ಅವು ಹಳೆ ಗರಿ ಕಳಚಿ ಹೊಸ ಗರಿ ಹಾಕಿಕೊಳ್ಳುತ್ತಿದ್ದವು. ಹಾವು ಪೊರೆ ಬಿಟ್ಟ ಹಾಗೆ, ಮಳೆಗಾಲ ಕಳೆದ ಮೇಲೆ ನವಿಲು ಬಾಲದ ಗರಿ ಉದುರಿಸಿದ ಹಾಗೆ ವರ್ಷಕ್ಕೊಮ್ಮೆ ನಡೆಯುವ ಕೆಲಸ ಅದು. ಸೈಮನ್ಸ್ ಟೌನಿನ ಕಡೆ ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ ನಡೆಯುತ್ತದೆ. ಪೆಂಗ್ವಿನ್ನಿನ ಬದುಕು ಎಂಥ ನಾಜೂಕಾದ ಲೆಕ್ಕದ ಮೇಲೆ ನಿಂತಿದೆ ಎಂದು ತಿಳಿಯಬೇಕಾದರೆ ಡಿಸೆಂಬರೇ ಒಳ್ಳೆಯ ತಿಂಗಳು ಅನ್ನುತ್ತೇನೆ. ನಾನು ಕುಂದಾಪುರ ಕಡೆಯ ಮೀನುಗಾರರ ಮನೆಯವನು. ಕಡಲಹಕ್ಕಿಗಳ ಕೆಲಸ ಹಿಡಿದ ಮೇಲೆ ಆ ಊರಿಗೆ ಹಲವು ಸಲ ಹೋಗಿದ್ದೇನೆ. ಉತ್ತರ ಸ್ವಲ್ಪ ಉದ್ದವಾದೀತು, ಓದಿಕೊಳ್ಳಿ.

ಕಾಗೆಯೋ ಗುಬ್ಬಿಯೋ ಗರಿ ಬದಲಿಸುವಾಗ ಇಂದೊಂದು ನಾಳೆಯೊಂದು ಉದುರಿಸುತ್ತವೆ. ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಪೆಂಗ್ವಿನ್ ಹಾಗೆ ಮಾಡುವಂತಿಲ್ಲ. ಅದರ ಗರಿ ಅಂದರೆ ಮೈಗಂಟಿದ ರೇನ್‌ಕೋಟು. ಅಲ್ಲೊಂದು ಇಲ್ಲೊಂದು ಕಡೆ ತೂತಾದರೂ ತಣ್ಣೀರು ಚರ್ಮಕ್ಕೆ ಇಳಿದು ಮೈ ಬಿಸಿ ಆರಿಹೋಗುತ್ತದೆ. ಅದಕ್ಕೇ ಮೈಮೇಲಿನ ಅಷ್ಟೂ ಗರಿಯನ್ನು ಒಂದೇ ಪಟ್ಟಿಗೆ, ಸುಮಾರು ಮೂರು ವಾರದಲ್ಲಿ ಬದಲಿಸಿ ಮುಗಿಸುತ್ತದೆ. ಆ ಮೂರು ವಾರ ನೀರಿಗಿಳಿಯುವ ಹಾಗಿಲ್ಲ. ನೀರಿಗಿಳಿಯದೆ ಮೀನಿಲ್ಲ. ಹಾಗಾಗಿ ಮೂರು ವಾರವೂ ಕಟ್ಟುನಿಟ್ಟಾದ ಉಪವಾಸ. ಅದಕ್ಕೂ ಮೊದಲು ಸುಮಾರು ಐದು ವಾರ ಕಡಲಲ್ಲೇ ಇದ್ದು, ತಿಂದು ತಿಂದು, ನಡೆದರೆ ಹೊಟ್ಟೆ ನೆಲಕ್ಕೆ ತಾಗುತ್ತದೋ ಎನ್ನುವಷ್ಟು ಕೊಬ್ಬಿ ದಡಕ್ಕೆ ಬರುತ್ತದೆ. ಗರಿ ಹುಟ್ಟುವುದು ಆ ಕೊಬ್ಬಿನಿಂದಲೇ. ಕೊನೆಗೆ ಎದ್ದು ಕಡಲಿಗೆ ಹೋಗುವಾಗ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ಒಂದು ಸಲ ಡಿಸೆಂಬರಿನಲ್ಲಿ ಸೈಮನ್ಸ್ ಟೌನಿನ ಫಾಕ್ಸಿ ಬೀಚಿನ ಹಲಗೆ ದಾರಿಯ ಪಕ್ಕ, ನನ್ನಿಂದ ಎರಡು ಮೊಳ ಆಚೆ ಒಂದು ಹಕ್ಕಿ ನಿಂತಿತ್ತು. ತಲೆ, ಬೆನ್ನು ಕಂದಾಗಿ, ಬಿಸಿಲಿಗೆ ಬಣ್ಣ ಹೋದ ಕೊಡೆಯ ಬಟ್ಟೆಯ ಹಾಗೆ. ಎದೆಯ ಮೇಲಿನ ಹಳೆ ಗರಿ ಹಿಂಜಿದ ಹತ್ತಿಯಂತೆ ಉಬ್ಬಿತ್ತು. ಪಕ್ಕೆಯ ಹತ್ತಿರ ಒಂದು ಗುಪ್ಪೆ ಕಳಚಿದ ಜಾಗದಲ್ಲಿ ಹೊಸ ಗರಿ ಎಣ್ಣೆ ಸವರಿದ ಹಾಗೆ ಕರ್ರಗೆ ಮಿಂಚುತ್ತಿತ್ತು. ಪೆಂಗ್ವಿನ್ನಿನ ಹೊಸ ಗರಿ ಒಳಗಿನಿಂದ ಹುಟ್ಟಿ ಹಳೆಯದನ್ನು ಹೊರಗೆ ತಳ್ಳುತ್ತದೆ. ಹೀಗಾಗಿ ಹಕ್ಕಿ ಬರಿಮೈಯಾಗುವುದಿಲ್ಲ, ಹಳೆ ಕೋಟಿನ ಕೆಳಗೇ ಹೊಸ ಕೋಟು ಸಿದ್ಧವಾಗುತ್ತದೆ. ಗಾಳಿ ಬೀಸಿದಾಗಲೆಲ್ಲ ಅದರ ಕಾಲಬುಡದ ಗರಿಗಳು ಮರಳ ಮೇಲೆ ಉರುಳಿ ಉರುಳಿ ಬಂಡೆಯ ಸಂದಿಗೆ ಹೋಗಿ ಗುಡ್ಡೆಯಾಗುತ್ತಿದ್ದವು. ಒಂದು ಗಂಟೆ ಅಲ್ಲೇ ಇದ್ದೆ. ಅದು ಮೂರೋ ನಾಲ್ಕೋ ಸಲ ಕಣ್ಣು ಬಿಟ್ಟಿರಬೇಕು. ಅಲ್ಲಾಡದಿರುವುದೇ ಅದರ ಆ ಹೊತ್ತಿನ ಕೆಲಸ. ಅಲ್ಲಾಡಿದರೆ ಕೊಬ್ಬು ಖರ್ಚು.

ಈಗ ನೀವೇ ಯೋಚಿಸಿ. ಇಂಥ ಹಕ್ಕಿಯ ಹತ್ತಿರ ಯಾರೋ ಸೆಲ್ಫಿಗೆಂದು ಬಗ್ಗಿ ಬಂದರೆ ಅದು ನಾಲ್ಕು ಹೆಜ್ಜೆ ಓಡುತ್ತದೆ. ದಿನಕ್ಕೆ ಇಪ್ಪತ್ತು ಜನ ಹಾಗೆ ಮಾಡಿದರೆ? ಅದು ಮೂರು ವಾರಕ್ಕೆಂದು ಕಟ್ಟಿತಂದ ಬುತ್ತಿ ಮಧ್ಯದಲ್ಲೇ ಮುಗಿಯುತ್ತದೆ. ಮೊಮ್ಮಗನಿಗೆ "ಮುಟ್ಟಬೇಡ" ಎಂದು ಗದರುವುದಕ್ಕಿಂತ "ಅದು ಉಪವಾಸದಲ್ಲಿದೆ, ಓಡಿಸಬೇಡ" ಎಂದರೆ ಅವನಿಗೆ ಅರ್ಥವಾಗುತ್ತದೆ. ಏಕಾದಶಿ ಮಾಡುವ ಅಜ್ಜಿಯನ್ನು ನೋಡಿ ಬೆಳೆದ ಮಕ್ಕಳಿಗೆ ಇದು ಬೇಗ ತಲೆಗೆ ಹೋಗುತ್ತದೆ, ನಾನು ಕಂಡಿದ್ದೇನೆ. ಇನ್ನೊಂದು ಅನುಕೂಲವೂ ಇದೆ. ಬೇರೆ ತಿಂಗಳಲ್ಲಿ ಹಗಲು ಹೊತ್ತು ಬಹಳಷ್ಟು ಹಕ್ಕಿಗಳು ಮೀನಿಗೆ ಹೋಗಿರುತ್ತವೆ. ಗರಿ ಬದಲಿಸುವ ಕಾಲದಲ್ಲಿ ಅವು ಊರು ಬಿಟ್ಟು ಕದಲುವುದಿಲ್ಲ, ದಡ ತುಂಬಿರುತ್ತದೆ. ಪುಟ್ಟ ಮರಿಗಳನ್ನೇ ನೋಡಬೇಕೆಂದಿದ್ದರೆ ಮಾತ್ರ ಏಪ್ರಿಲ್, ಮೇ ಆಚೆಗೆ ಹೋಗಬೇಕಾಗಿತ್ತು. ಎದೆಯ ಮೇಲಿನ್ನೂ ಕಪ್ಪು ಪಟ್ಟಿ ಮೂಡದ, ನೀಲಿಬೂದು ಬೆನ್ನಿನ ಎಳೆಯ ಹಕ್ಕಿಗಳು ಡಿಸೆಂಬರಿನಲ್ಲೂ ಕಾಣುತ್ತವೆ.

ಭಾಯಖಳಾದಲ್ಲಿ ಹುಡುಗ ನೋಡಿದ್ದು ಹಂಬೋಲ್ಟ್ ಪೆಂಗ್ವಿನ್, ದಕ್ಷಿಣ ಅಮೆರಿಕದ ಪೆರು, ಚಿಲಿ ಕರಾವಳಿಯದು. 2016ರಲ್ಲಿ ತಂದದ್ದು. ಸೈಮನ್ಸ್ ಟೌನಿನಲ್ಲಿರುವ ಆಫ್ರಿಕನ್ ಪೆಂಗ್ವಿನ್ ಅದರ ದಾಯಾದಿ, ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದಾರೆ. "ಆಫ್ರಿಕದ ಸೆಕೆಯಲ್ಲಿ ಪೆಂಗ್ವಿನ್ ಹೇಗೆ ಬದುಕುತ್ತದೆ?" ಎಂದು ಅವನು ಖಂಡಿತ ಕೇಳುತ್ತಾನೆ. ಲೋಕದಲ್ಲಿರುವ 18 ಜಾತಿಯ ಪೆಂಗ್ವಿನ್‌ಗಳಲ್ಲಿ ಮಂಜಿನ ನಾಡಿನವು ಕೆಲವೇ. ಗಲಾಪಗೋಸ್ ಪೆಂಗ್ವಿನ್ ಇರುವುದು ಭೂಮಧ್ಯ ರೇಖೆಯ ಹತ್ತಿರ. ಇವಕ್ಕೆ ಬೇಕಾದದ್ದು ಹಿಮವಲ್ಲ, ತಣ್ಣೀರು ಮತ್ತು ಆ ತಣ್ಣೀರಿನಲ್ಲಿ ಹುಲುಸಾಗಿ ಬೆಳೆಯುವ ಮೀನು. ಆಫ್ರಿಕದ ಪಶ್ಚಿಮ ದಂಡೆಯುದ್ದಕ್ಕೂ ಬೆಂಗ್ವೇಲಾ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಗಾಳಿಯ ಹೊಡೆತಕ್ಕೆ ಅಲ್ಲಿ ತಳದ ನೀರು ಮೇಲಕ್ಕೆ ಬರುತ್ತದೆ, ಜೊತೆಗೆ ತಳದ ಸಾರವೂ. ನಮ್ಮ ಕರಾವಳಿಯಲ್ಲಿ ಮುಂಗಾರಿನ ಹೊತ್ತಿಗೆ ತಳದ ನೀರು ಮೇಲೆದ್ದು, ಮಳೆ ಕಳೆದ ಮೇಲೆ ಬೂತಾಯಿ ದಂಡು ದಂಡಾಗಿ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಟು. ಬಿಸಿಲು ಜೋರಾದಾಗ ಹಕ್ಕಿಯ ಕಣ್ಣಿನ ಮೇಲಿನ ಗರಿಯಿಲ್ಲದ ಗುಲಾಬಿ ಚರ್ಮವನ್ನು ನೋಡಲು ಹೇಳಿ. ಮೈ ಬಿಸಿಯೇರಿದಂತೆ ಅಲ್ಲಿಗೆ ರಕ್ತ ಹೆಚ್ಚು ಹರಿದು ಗಾಳಿಗೆ ಆರುತ್ತದೆ. ಸೆಕೆ ಹೆಚ್ಚಿದಷ್ಟೂ ಗುಲಾಬಿ ಗಾಢವಾಗುತ್ತದೆ.

ಹುಡುಗನಿಗೆ ಇನ್ನೊಂದು ಕೆಲಸ ಕೊಡಿ. ಒಂದೊಂದು ಹಕ್ಕಿಯ ಎದೆಯ ಮೇಲೂ ಕಪ್ಪು ಚುಕ್ಕೆಗಳಿರುತ್ತವೆ. ನಮ್ಮ ಬೆರಳಚ್ಚಿನ ಹಾಗೆ, ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ. ಒಂದು ನೋಟ್‌ಬುಕ್ಕು, ಪೆನ್ಸಿಲು ಕೊಟ್ಟು ನಾಲ್ಕು ಹಕ್ಕಿಗಳ ಚುಕ್ಕೆ ಬರೆದುಕೊಳ್ಳಲು ಹೇಳಿ. ಆಗ ಅವನಾಗಿಯೇ ಒಂದು ಕಡೆ ಕೂರುತ್ತಾನೆ.

ಇನ್ನು ನಾನು ನಿಜಕ್ಕೂ ಹೇಳಬೇಕಾದ ವಿಷಯ. ಗರಿ ಬದಲಿಸುವುದಕ್ಕೆ ಮೊದಲು ಹೊಟ್ಟೆ ತುಂಬಾ ಸಿಗಬೇಕು, ಮುಗಿದ ಮೇಲೆ ಕೂಡಲೇ ಸಿಗಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಹಕ್ಕಿ ಉಳಿಯುವುದಿಲ್ಲ. ಆ ಕರಾವಳಿಯಲ್ಲಿ ಎರಡೂ ತಪ್ಪುತ್ತಾ ಬಂದಿವೆ. ಸಾರ್ಡೀನ್ ಅಂದರೆ ನಮ್ಮ ಬೂತಾಯಿಯ ಬಳಗದ ಮೀನು, ಉತ್ತರ ಕನ್ನಡದವರು ತಾರ್ಲೆ ಅನ್ನುತ್ತಾರೆ. ಅದು ಮತ್ತು ಆಂಚೊವಿ ಎಂಬ ಬೆರಳುದ್ದದ ಮೀನೇ ಈ ಹಕ್ಕಿಯ ಅನ್ನ. ಕಳೆದ ಎರಡು ಮೂರು ದಶಕಗಳಲ್ಲಿ ಕಡಲಿನ ಬಿಸಿ, ಉಪ್ಪು ಬದಲಾಗಿ ಮೀನಿನ ದಂಡುಗಳು ಪಶ್ಚಿಮ ದಂಡೆ ಬಿಟ್ಟು ಪೂರ್ವಕ್ಕೆ ಸರಿದವು. ಮೀನು ಹಿಡಿಯುವುದು ಮಾತ್ರ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲ. ಮೀನು ಸರಿದುಹೋದರೂ ಹಕ್ಕಿ ತಾನು ಹುಟ್ಟಿದ ದ್ವೀಪ ಬಿಟ್ಟು ಹೋಗುವುದು ಕಷ್ಟ. 2004ರಿಂದ 2011ರ ನಡುವೆ ಡಾಸೆನ್ ಮತ್ತು ರಾಬೆನ್ ದ್ವೀಪಗಳೆರಡರಲ್ಲೇ ಸುಮಾರು 62,000 ಹಕ್ಕಿಗಳು, ಹೆಚ್ಚಿನಂಶ ಹೊಟ್ಟೆಗಿಲ್ಲದೆ, ಸತ್ತವು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಬಹಳಷ್ಟು ದಡದ ಮೇಲೆ ಹೆಣವಾಗಿ ಸಿಗಲಿಲ್ಲ. ಕಡಲಿನಲ್ಲೇ ಹೋದವು ಎಂದು ಅವರ ಅಂದಾಜು.

ಇದನ್ನು ಓದುವಾಗ ನನಗೆ ಊರಿನ ನೆನಪಾಗುತ್ತದೆ. 1970ರ ದಶಕದ ಕೊನೆಗೆ ನಮ್ಮ ಕಡೆ ಪರ್ಸೀನ್ ಬೋಟುಗಳು ಬಂದು ಇಡೀ ಮೀನಿನ ದಂಡನ್ನೇ ಸುತ್ತುಗಟ್ಟಿ ಎತ್ತತೊಡಗಿದಾಗ, ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದವರ ಕೈ ಬರಿದಾಯಿತು. ದೊಡ್ಡ ಜಗಳಗಳೇ ಆದವು. ದಡ ಬಿಟ್ಟು ದೂರ ಹೋಗಲಾರದವನಿಗೆ ದಡದ ಮೀನೇ ಗತಿ. ಮರಿ ಇರುವ ಪೆಂಗ್ವಿನ್ನಿನ ಪಾಡೂ ಅದೇ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಿಯ ಬಾಯಿಗೆ ಮೀನು ತರಬೇಕು. ಹಾಗಾಗಿ ಗೂಡಿನ ಸುತ್ತಮುತ್ತಲ ಕಡಲೇ ಅದಕ್ಕೆ ಗದ್ದೆ. ಅಲ್ಲಿ ಹಿಡಿದ ಆಂಚೊವಿಯಲ್ಲಿ ದೊಡ್ಡ ಪಾಲು ಮೀನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ ಎಂದರೆ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಏಟುಗಳೂ ಇವೆ. ಹಿಂದೆ ಈ ಹಕ್ಕಿ ದ್ವೀಪಗಳ ಮೇಲೆ ಶತಮಾನಗಳಿಂದ ಬಿದ್ದು ಗಟ್ಟಿಯಾದ ಹಿಕ್ಕೆಯ ದಪ್ಪ ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತಿತ್ತು. ನೆಲ ತಂಪು, ಮೇಲಿನಿಂದ ಕಡಲಕಾಗೆಯ ಕಾಟವಿಲ್ಲ. 19ನೇ ಶತಮಾನದಲ್ಲಿ ಆ ಹಿಕ್ಕೆಯನ್ನೇ ಗ್ವಾನೋ ಗೊಬ್ಬರವೆಂದು ಬಂಡೆ ಕಾಣುವವರೆಗೆ ಕೆರೆದು ಸಾಗಿಸಿದರು. 1960ರ ದಶಕದವರೆಗೂ ಮೊಟ್ಟೆ ಎತ್ತಿ ಮಾರಿದರು. 2000ದ ಜೂನಿನಲ್ಲಿ ಕೇಪ್ ಟೌನ್ ಹತ್ತಿರ ಟ್ರೆಷರ್ ಎಂಬ ಹಡಗು ಮುಳುಗಿ ಸುಮಾರು 19,000 ಹಕ್ಕಿಗಳ ಮೈಗೆ ಎಣ್ಣೆ ಹತ್ತಿತು. ಎಣ್ಣೆ ಹತ್ತದ ಇನ್ನೂ ಅಷ್ಟೇ ಹಕ್ಕಿಗಳನ್ನು ಹಿಡಿದು ದೂರದ ಪೋರ್ಟ್ ಎಲಿಜಬೆತ್ ಬಳಿ ಕಡಲಿಗೆ ಬಿಟ್ಟರು. ಅವು ಈಜಿಕೊಂಡು ಮನೆ ಸೇರುವಷ್ಟರಲ್ಲಿ ಇಲ್ಲಿಯ ಕಡಲಿನ ಎಣ್ಣೆ ತೆಗೆದು ಮುಗಿಸುವ ಯೋಜನೆ. ಅದು ಫಲಿಸಿತು. ಎಣ್ಣೆ ಹತ್ತಿದವನ್ನು ಸಾವಿರಾರು ಸ್ವಯಂಸೇವಕರು ಒಂದೊಂದಾಗಿ ತೊಳೆದರು, ಬಹುಪಾಲು ಬದುಕಿದವು. ಮನುಷ್ಯ ಮನಸ್ಸು ಮಾಡಿದರೆ ಈ ಹಕ್ಕಿಗೆ ಏನು ಮಾಡಬಲ್ಲ ಎಂಬುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಅದು.

ಆದರೆ ಎಣ್ಣೆ ತೊಳೆಯಬಹುದು, ಹಸಿವನ್ನು ತೊಳೆಯಲಾಗದು. 20ನೇ ಶತಮಾನದ ಮೊದಲಲ್ಲಿ ಹತ್ತು ಲಕ್ಷ ಮೀರಿದ್ದ ಹಕ್ಕಿ ಈಗ 10,000 ಜೋಡಿಗಿಂತ ಕಡಿಮೆ. 2024ರ ಅಕ್ಟೋಬರಿನಲ್ಲಿ ಇದನ್ನು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿಗೆ ಸೇರಿಸಿದರು. ಪೆಂಗ್ವಿನ್‌ಗಳಲ್ಲಿ ಆ ಮೆಟ್ಟಿಲಿಗೆ ಬಂದ ಮೊದಲ ಜಾತಿ ಇದು. ಬರ್ಡ್‌ಲೈಫ್ ಸೌತ್ ಆಫ್ರಿಕಾ ಮತ್ತು 1968ರಿಂದ ಕಡಲಹಕ್ಕಿಗಳ ಆರೈಕೆ ಮಾಡುತ್ತಾ ಬಂದಿರುವ ಸಾಂಕಾಬ್ ಸಂಸ್ಥೆ ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ಮೀನುಗಾರಿಕೆ ಉದ್ಯಮದವರ ಜೊತೆ ರಾಜಿಯಾಗಿ, ಆರು ಮುಖ್ಯ ನೆಲೆಗಳ ಸುತ್ತ ಹತ್ತು ವರ್ಷ ಸಾರ್ಡೀನ್, ಆಂಚೊವಿಗೆ ಪರ್ಸೀನ್ ಬಲೆ ಹಾಕಬಾರದೆಂದು ಕೋರ್ಟಿನ ಆದೇಶವಾಯಿತು. ತಡವಾಯಿತು ಅನ್ನಿಸುತ್ತದೆ, ಆದರೂ ಅದು ಬಂದ ದಿನ ನಾನು ನೆಮ್ಮದಿಯಿಂದ ಮಲಗಿದೆ.

ಸೈಮನ್ಸ್ ಟೌನಿನ ಕಥೆ ಇದಕ್ಕೆ ಸ್ವಲ್ಪ ತಿರುವುಮುರುವು. 1982ರಲ್ಲಿ ಎರಡೇ ಜೋಡಿ ಬಂದು ಊರಂಚಿನ ಬೌಲ್ಡರ್ಸ್ ಎಂಬ ಕಡಲತೀರದ ದುಂಡು ಬಂಡೆಗಳ ನಡುವೆ ಸಂಸಾರ ಹೂಡಿದವು. ಫಾಲ್ಸ್ ಬೇ ಎಂಬ ಆ ಕೊಲ್ಲಿಯೊಳಗೆ 1980ರ ದಶಕದಲ್ಲಿ ಪರ್ಸೀನ್ ಬಲೆ ಹಾಕುವುದು ನಿಂತಿದ್ದರಿಂದ ಮೀನು ಸಿಕ್ಕಿತು, ಮನೆಗಳ ಸಾಲು ಬೇಟೆಪ್ರಾಣಿಗಳಿಗೆ ಅಡ್ಡವಾಯಿತು. ಎರಡು ಜೋಡಿ ಹೋಗಿ ಸಾವಿರಾರು ಹಕ್ಕಿಗಳ ಕೇರಿಯಾಯಿತು. ಅಲ್ಲಿಯ ಜನಕ್ಕೆ ಮೊದಮೊದಲು ಸಾಕುಸಾಕಾಗಿತ್ತು. ಇವು ಕೂಗುವುದು ಥೇಟ್ ಕತ್ತೆಯ ಹಾಗೆ, ಅದೂ ರಾತ್ರಿ. ಹೂದೋಟದೊಳಗೆ ನುಗ್ಗಿ ಗಿಡದ ಬುಡ ಕೆದಕುತ್ತಿದ್ದವು. ಕೊನೆಗೆ ಬೇಲಿ ಹಾಕಿ, ಮರದ ಹಲಗೆಯ ದಾರಿ ಕಟ್ಟಿ, ಟೇಬಲ್ ಮೌಂಟನ್ ರಾಷ್ಟ್ರೀಯ ಉದ್ಯಾನದ ಕೈಗೊಪ್ಪಿಸಿದರು. ಊರೂ ಕೇರಿಯೂ ಈಗ ಒಟ್ಟಿಗೆ ಬಾಳುತ್ತಿವೆ.

ಹೋಗುವುದು ಹೇಗೆ? ಕೇಪ್ ಟೌನ್‌ನಿಂದ ಸುಮಾರು 40 ಕಿಲೋಮೀಟರು. ಮಗಳ ಕಾರಿದ್ದರೆ ಅದೇ ಸುಖ. ರೈಲೂ ಇದೆ. ಮ್ಯೂಜನ್‌ಬರ್ಗ್ ದಾಟಿದ ಮೇಲೆ ಹಳಿ ಕಡಲಿನ ಅಂಚಿಗೇ ಹೋಗುತ್ತದೆ, ಕಾಕ್ ಬೇ ಹತ್ತಿರ ಅಲೆಯ ಹನಿ ಕಿಟಕಿಗೆ ಸಿಡಿಯುವುದುಂಟು. ರೈಲಿನ ಹೊತ್ತು ಮೊದಲೇ ವಿಚಾರಿಸಿ, ಹಗಲಿನಲ್ಲೇ ಹೋಗಿ ಬನ್ನಿ. ಕೇಪ್ ಪಾಯಿಂಟ್ ಜೊತೆ ಸೇರಿಸಿ ಮುಕ್ಕಾಲು ಗಂಟೆಯಲ್ಲಿ ಪೆಂಗ್ವಿನ್ ಮುಗಿಸುವ ಟೂರ್ ಬಸ್ಸನ್ನು ಮಾತ್ರ ಹತ್ತಬೇಡಿ. ಅರ್ಧ ದಿನ ಸಾಕು, ಆದರೆ ಯಾವ ಅರ್ಧ ಎಂಬುದು ಮುಖ್ಯ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತು ಒಳ್ಳೆಯದು. ಮಧ್ಯಾಹ್ನದ ಬಸ್ಸುಗಳೆಲ್ಲ ಹೋದ ಮೇಲೆ, ನಾಲ್ಕು ಗಂಟೆಯಿಂದ ಮುಚ್ಚುವವರೆಗೆ ಇನ್ನೂ ಒಳ್ಳೆಯದು. ಆಗ ಮೀನಿಗೆ ಹೋದವು ಗುಂಪು ಗುಂಪಾಗಿ ಅಲೆಯಿಂದ ಎದ್ದು, ಮೈ ಕೊಡವಿ, ಒಂದನ್ನೊಂದು ಕಾದು ದಡ ಹತ್ತುತ್ತವೆ.

ಯಜಮಾನರ ಮಂಡಿಗೆ ಫಾಕ್ಸಿ ಬೀಚಿನ ಬಾಗಿಲೇ ಸರಿ. ಹಲಗೆ ದಾರಿ, ಹಿಡಿಯಲು ಕಟಕಟೆ, ಹೆಚ್ಚು ಹತ್ತಿಳಿಯುವ ಕೆಲಸವಿಲ್ಲ. ಹಕ್ಕಿ ಹೆಚ್ಚು ಕಾಣುವುದೂ ಅಲ್ಲೇ. ಈಜುವ ಬೌಲ್ಡರ್ಸ್ ಬೀಚಿಗೆ ಬೇರೆ ಬಾಗಿಲು, ಮೆಟ್ಟಿಲಿಳಿದು ಬಂಡೆಗಳ ನಡುವೆ ನುಸುಳಬೇಕು. ಅಲ್ಲಿಗೆ ಹುಡುಗನನ್ನು ಅತ್ತೆ ಮಾವ ಕರೆದುಕೊಂಡು ಹೋಗಲಿ. ನೀರು ತಣ್ಣಗಿದ್ದರೂ ಡಿಸೆಂಬರಿನಲ್ಲಿ ಮಕ್ಕಳು ಇಳಿಯುತ್ತಾರೆ. ಈಜುವಾಗ ಪೆಂಗ್ವಿನ್ ತಾನಾಗಿ ಪಕ್ಕದಲ್ಲಿ ಸರ್ರನೆ ಹೋಗುವುದುಂಟು. ಹೋದರೆ ಅದೃಷ್ಟ, ಬೆನ್ನಟ್ಟಬಾರದು. ಕೊಕ್ಕು ಬಹಳ ಹರಿತ, ಮೀನು ಕಚ್ಚಿ ಜಾರಗೊಡದ ಕೊಕ್ಕು, ಎಳೆ ಬೆರಳು ಸಿಕ್ಕರೆ ರಕ್ತ ಬರುತ್ತದೆ. 2022ರಲ್ಲಿ ಅಲ್ಲಿ ಹಕ್ಕಿಜ್ವರವೂ ಕಾಣಿಸಿತ್ತು. ಮುಟ್ಟುವುದಕ್ಕೆ, ತಿನಿಸು ಹಾಕುವುದಕ್ಕೆ ನಿಷೇಧವಿರುವುದು ಇಬ್ಬರ ಒಳ್ಳೆಯದಕ್ಕೂ. ನಿಜವಾಗಿ ಕಾಯಿಲೆಯಾದ ಅಥವಾ ಗಾಯಗೊಂಡ ಹಕ್ಕಿ ಕಂಡರೆ ನೀವಾಗಿ ಹಿಡಿಯಬೇಡಿ, ಬಾಗಿಲಲ್ಲಿರುವ ಸಿಬ್ಬಂದಿಗೆ ಜಾಗ ತೋರಿಸಿ.

ಊಟದ ಚಿಂತೆ ಬೇಡ. ಕೇಪ್ ಟೌನ್‌ನ ರೈಲಂಡ್ಸ್ ಕಡೆ ಭಾರತೀಯ ಮೂಲದವರು ಬಹಳ ಕಾಲದಿಂದ ಇದ್ದಾರೆ, ಬೇಳೆ, ಮಸಾಲೆ, ಕರಿಬೇವು ಸಿಗುತ್ತವೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಆದರೆ ಕಾರಿನಲ್ಲೇ ತಿನ್ನಿ. ಸೈಮನ್ಸ್ ಟೌನಿನ ಸುತ್ತ ಬಬೂನ್ ಕೋತಿಗಳಿವೆ, ಕೈಚೀಲದಲ್ಲಿ ಅನ್ನದ ವಾಸನೆ ಬಂದರೆ ಬಿಡುವುದಿಲ್ಲ. ಟೋಪಿಗೆ ಕಟ್ಟುವ ದಾರವಿರಲಿ. ಬೇಸಿಗೆಯಲ್ಲಿ ಅಲ್ಲಿ ಆಗ್ನೇಯದ ಗಾಳಿ ದಿನಗಟ್ಟಲೆ ಬೀಸುತ್ತದೆ, ಹಾರಿದ ಟೋಪಿ ಗೂಡಿನ ಪೊದೆಗೆ ಬಿದ್ದರೆ ಇಳಿದು ತರುವಂತಿಲ್ಲ. ವಾಸನೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಒಣಮೀನಿನ ಅಂಗಡಿಯೂ ಕೋಳಿ ಫಾರಮ್ಮೂ ಸೇರಿದ ಹಾಗಿರುತ್ತದೆ, ಹತ್ತು ನಿಮಿಷದಲ್ಲಿ ಮೂಗು ಒಗ್ಗಿಕೊಳ್ಳುತ್ತದೆ.

ಹೊತ್ತು ಉಳಿದರೆ ಊರೊಳಗೆ ನಡೆಯಿರಿ. 1957ರವರೆಗೆ ಬ್ರಿಟಿಷರ ನೌಕಾನೆಲೆ, ಈಗ ದಕ್ಷಿಣ ಆಫ್ರಿಕಾದ್ದು. ನಮ್ಮ ನೌಕಾಪಡೆಯ ಹಡಗುಗಳೂ ಜಂಟಿ ಅಭ್ಯಾಸಕ್ಕೆ ಇಲ್ಲಿಗೆ ಬಂದು ಹೋಗುತ್ತವೆ. ಜುಬಿಲಿ ಚೌಕದಲ್ಲಿ ಜಸ್ಟ್ ನ್ಯೂಸೆನ್ಸ್ ಎಂಬ ನಾಯಿಯ ಪ್ರತಿಮೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾವಿಕನೆಂದೇ ಹೆಸರು ಬರೆಸಿಕೊಂಡ ನಾಯಿ ಅದು, ಮೊಮ್ಮಗನಿಗೆ ಇಷ್ಟವಾಗುತ್ತದೆ. ನೀವಿಬ್ಬರು ಆಮ್ಲೇ ಹೌಸ್ ಎಂಬ ಪುಟ್ಟ ಸಂಗ್ರಹಾಲಯವನ್ನೂ ನೋಡಿ. 1967ರಲ್ಲಿ ವರ್ಣಭೇದದ ಸರ್ಕಾರ ಈ ಊರು ಬಿಳಿಯರಿಗೆ ಮಾತ್ರ ಎಂದು ಸಾರಿ, ತಲೆಮಾರುಗಳಿಂದ ಇಲ್ಲಿದ್ದ ಏಳು ಸಾವಿರ ಚಿಲ್ಲರೆ ಜನರನ್ನು ಒಕ್ಕಲೆಬ್ಬಿಸಿತು. ಹಾಗೆ ಹೋದ ಮನೆಗಳ ಫೋಟೋ, ಪಾತ್ರೆ, ಮದುವೆ ಉಡುಪುಗಳನ್ನು ಕಾಪಾಡುವಂಥ ಜಾಗ ಅದು. ಎರಡೇ ಜೋಡಿ ಹಕ್ಕಿಗೆ ದಾರಿ ಬಿಟ್ಟ ಊರಿನಲ್ಲಿ ಹದಿನೈದು ವರ್ಷ ಮೊದಲು ಹೀಗಾಗಿತ್ತು ಎಂದು ನೆನೆದಾಗ ನನಗೆ ಗಂಟಲು ಕಟ್ಟುತ್ತದೆ.

ಇನ್ನೊಂದು ಉಳಿಯಿತು. ಮಗಳ ಕಾರಿನಲ್ಲಿ ಹೋದರೆ, ಹೊರಡುವ ಮುಂಚೆ ಹುಡುಗನಿಗೆ ಕಾರಿನ ಅಡಿ ಬಗ್ಗಿ ನೋಡಲು ಹೇಳಿ. ಅಲ್ಲಿ ಹಾಗೆಂದು ಬೋರ್ಡೇ ಹಾಕಿದ್ದಾರೆ. ಗರಿ ಬಿಡುವ ಹಕ್ಕಿಗಳು ಬಿಸಿಲು ತಾಳದೆ ಬೇಲಿ ದಾಟಿ ಬಂದು ಟೈರಿನ ನೆರಳಿನಲ್ಲಿ ಕಣ್ಣು ಮುಚ್ಚಿ ನಿಂತಿರುತ್ತವೆ. ನಿಂತಿದ್ದರೆ ಓಡಿಸಬೇಡಿ. ಸಿಬ್ಬಂದಿಗೆ ತಿಳಿಸಿ, ಅವರು ಬರುವವರೆಗೆ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕಾರಿನಲ್ಲೇ ಕೂತಿರಿ.